ಹಿಡಿದಿಟ್ಟ ನೀರು

ಪರದೆಯ ಮೇಲೆ ಎರಡು ಗೆರೆಗಳು ಓಡುತ್ತಿದ್ದವು. ಹಸಿರು ಗೆರೆ ದಾಕ್ಷಾಯಿಣಿಯದು, ಹಳದಿಯದು ಅವಳ ಗಂಡ ಫಕೀರಪ್ಪನದು. ಹಸಿರು ನಿಧಾನವಾಗಿ ಏರಿ, ಏರಿದ ಕಡೆ ಬಹಳ ಹೊತ್ತು ನಿಂತು, ತನಗೆ ಬೇಕಾದಾಗ ಇಳಿಯುತ್ತಿತ್ತು. ಹಳದಿ ಮಾತ್ರ ಹಗ್ಗ ಹರಿದುಕೊಂಡ ಕರುವಿನಂತೆ ಕಂಡಕಂಡಲ್ಲಿ ನೆಗೆದು ಬೀಳುತ್ತಿತ್ತು.

“ಹೊಸ ಹೋರೀನ್ನ ಪಳಗಸಬೇಕಾದ್ರ ಏನ್ ಮಾಡತಾರ ಹೇಳ್ರಿ ಕಾಕಾರ?” ಡಾಕ್ಟರ್ ಇಂದುಮತಿ ಕೇಳಿದಳು.

“ಪಳಗಿದ ಎತ್ತಿನ ಜೋಡಿ ನೊಗಕ್ಕ ಕಟ್ಟತಾರ.”

“ನಾವು ಮಾಡೂದೂ ಅಷ್ಟ.”

ಫಕೀರಪ್ಪ ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿದ. “ಈಕಿ ಜೋಡಿ ನೊಗಕ್ಕ ಕಟ್ಟಿ ಮೂವತ್ತ ವರ್ಷದ ಮ್ಯಾಲಾತ್ರಿ ಡಾಕ್ಟರ. ನಾ ಇನ್ನೂ ಪಳಗಿಲ್ಲ ಅಂತೀರೇನು?”

ಡಾಕ್ಟರ್ ನಕ್ಕಳು. ದಾಕ್ಷಾಯಿಣಿಯೂ ನಕ್ಕಳು. ಆದರೆ ಈ ಜೋಡಿಯಲ್ಲಿ ಪಳಗಿದ ಎತ್ತು ತಾನು ಎಂದು ಒಬ್ಬರ ಬಾಯಿಂದ ಕೇಳಿದ್ದು ಇದೇ ಮೊದಲು ಎಂಬ ವಿಚಾರ ಅವಳ ಮನಸ್ಸಿನಲ್ಲಿ ಒಂದು ಗಳಿಗೆ ನಿಂತು ಹೋಯಿತು.

ಹುಬ್ಬಳ್ಳಿಯಲ್ಲಿ ಬಸ್ಸುಗಳು ಚಾಲಕರಿಲ್ಲದೆ ತಾವಾಗಿಯೇ ಓಡತೊಡಗಿದ ಕಾಲ ಅದು. ಫಕೀರಪ್ಪ ಚಾಲಕರ ಕೊನೆಯ ತಂಡದಲ್ಲಿ ನಿವೃತ್ತನಾದವನು. ಮನೆಗೆ ಬಂದ ಮೇಲೆ ಪ್ರಾಸ್ಟೇಟ್ ಗ್ರಂಥಿಯ ಕಾಯಿಲೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಗ್ರಂಥಿ ಹೋಯಿತು, ಜೀವ ಉಳಿಯಿತು. ಆದರೆ ಕ್ಯಾಥೆಟರ್ ನಳಿಗೆ ತೆಗೆದ ದಿನದಿಂದ ಮೂತ್ರ ಹಿಡಿತಕ್ಕೆ ಬರಲಿಲ್ಲ. ಕೆಮ್ಮಿದರೆ ಸೋರಿಕೆ, ನಕ್ಕರೆ ಸೋರಿಕೆ, ಎದ್ದು ನಿಂತರೆ ಸೋರಿಕೆ. ನೂರಾರು ಮಂದಿಯ ಎದುರು ಮೀಸೆ ತಿರುವಿ ಸ್ಟೇರಿಂಗ್ ಹಿಡಿಯುತ್ತಿದ್ದ ಮನುಷ್ಯ ಕೂಸಿನ ಹಾಗೆ ಡೈಪರ್ ಕಟ್ಟಿಕೊಂಡು ಹಿಂದಿನ ಕೋಣೆ ಸೇರಿದ. ಡಿಪೋ ಎದುರಿನ ಚಹಾದಂಗಡಿಗೆ ಹೋಗುವುದು ಬಿಟ್ಟ. ತಂಗಿಯ ಮಗಳ ಮದುವೆಗೆ ಹೋಗಲಿಲ್ಲ. ಆಗ ಯಾರೋ ಈ ಸಂಶೋಧನಾ ಕೇಂದ್ರದ ಹೆಸರು ಹೇಳಿದ್ದರು.

ಇಲ್ಲಿ ಹಾಕುವ ನಳಿಗೆ ಬೇರೆ ಬಗೆಯದು. ಕೂದಲಿಗಿಂತ ತೆಳುವಾದ ತಂತುಗಳನ್ನು ನೇಯ್ದು ಮಾಡಿದ ಮೆತ್ತನೆಯ ಪೊರೆ. ಗ್ರಂಥಿ ಇದ್ದ ಜಾಗದಲ್ಲಿ ಕುಳಿತು, ಅಲ್ಲಿ ಉಳಿದಿರುವ ಸ್ನಾಯುವಿಗೆ ಯಾವಾಗ ಬಿಗಿಯಬೇಕು, ಯಾವಾಗ ಸಡಿಲಬೇಕು ಎಂದು ಕಲಿಸುತ್ತದೆ. ಕಲಿತ ಮೇಲೆ ಪೊರೆಯನ್ನು ಎಳೆದು ತೆಗೆದರಾಯಿತು. ಆದರೆ ಕಲಿಸುವ ಪಾಠವನ್ನು ಯಂತ್ರ ತಾನಾಗಿ ಹುಟ್ಟಿಸಲಾರದು. ಮೊದಮೊದಲು ಮುದ್ರಿಸಿಟ್ಟ ಗತಿಯನ್ನು ಹಾಕಿ ನೋಡಿದ್ದರಂತೆ. ದೇಹ ಸ್ವಲ್ಪ ದಿನ ಕೇಳಿ ಆಮೇಲೆ ಕಿವಿ ಮುಚ್ಚಿಕೊಂಡಿತು. ಜೀವವಿರುವ ಇನ್ನೊಂದು ದೇಹದ ಗತಿಯೇ ಬೇಕು. ಅದೂ ಅದೇ ಮನೆಯಲ್ಲಿ ಅದೇ ಚಹಾ ಕುಡಿದು, ಅದೇ ಹೊತ್ತಿಗೆ ಮಲಗಿ ಏಳುವ ದೇಹ. ಅದರ ಹೊಕ್ಕುಳ ಕೆಳಗೆ ಒಂದು ಪಟ್ಟಿ ಕಟ್ಟಿದರೆ, ಅಲ್ಲಿನ ಬಿಗಿ ಮತ್ತು ಸಡಿಲು ಗಾಳಿಯಲ್ಲಿ ಹಾದು ಗಂಡನ ಒಳಗಿನ ಪೊರೆಯನ್ನು ಮುಟ್ಟುತ್ತದೆ.

“ನಮ್ಮ ಮೈದುನ ಅದಾನಲ್ರಿ, ಅದ ಮನ್ಯಾಗ ಇರ್ತಾನ. ಗಂಡಸರದು ಗಂಡಸರಿಗೆ ಸರಿ ಹೊಂದೂದಿಲ್ಲೇನ್ರಿ?” ದಾಕ್ಷಾಯಿಣಿ ಕೇಳಿದಳು. ಪರೀಕ್ಷೆಗೆ ತಂತಿ ಅಂಟಿಸಿಕೊಂಡದ್ದೇನೋ ಆಯಿತು, ಹಗಲಿರುಳು ಹೊಟ್ಟೆಯ ಮೇಲೆ ಪಟ್ಟಿ ಕಟ್ಟಿಕೊಂಡಿರಲು ಅವಳಿಗೆ ಸಂಕೋಚ.

“ಗಂಡಸರಿಗೆ ಕಟ್ಟಿ ನೋಡಿದಿವ್ರಿ ಕಾಕೂರ. ಸೋರೂದು ನಿಲ್ಲಲಿಲ್ಲ. ಅವರ ಮೈಗೆ ನೆನಪಾದ ಕೂಡಲೇ ಬಿಟ್ಟು ರೂಢಿ. ಹಿಡಿಯೂದು ಕಲಿಸಾಕ ಹೆಂಗಸರ ಬೇಕು. ಯಾಕ ಹಂಗ ಅಂತ ನನಗೂ ಪೂರಾ ತಿಳಿದಿಲ್ಲ.”

ದಾಕ್ಷಾಯಿಣಿಗೆ ತಿಳಿದಿತ್ತು. ಅವಳು ಕಲಿತ ಶಾಲೆಯ ಪಾಯಖಾನೆಗೆ ಬಾಗಿಲಿರಲಿಲ್ಲ. ಮದುವೆಮನೆಗಳಲ್ಲಿ ಬಚ್ಚಲ ಎದುರು ಯಾವಾಗಲೂ ಗಂಡಸರ ಇಸ್ಪೀಟಿನ ಚಾಪೆ. ಅತ್ತೆಯ ಮನೆಯಲ್ಲಿ ಮಾವ ಹಿತ್ತಿಲ ಕಟ್ಟೆಯ ಮೇಲೆ ಬೀಡಿ ಸೇದಿ ಮುಗಿಸುವವರೆಗೆ ಸೊಸೆಯಂದಿರಿಗೆ ಅತ್ತ ದಾರಿಯಿಲ್ಲ. ತುಂಬಿದ ಕೊಡ ಹೊತ್ತವಳ ಕುತ್ತಿಗೆ ಹೇಳದೆಯೇ ನೇರವಾಗಿರುತ್ತದೆ. ಇದೂ ಹಾಗೆಯೇ.

“ನಿಮಗೇನರ ಆ ಕಡೆ ತ್ರಾಸ ಐತೇನ್ರಿ?” ಡಾಕ್ಟರ್ ಪಟ್ಟಿಯ ಕೊಂಡಿ ಸಿಕ್ಕಿಸುತ್ತ ಕೇಳಿದಳು.

“ನನಗೇನೂ ಇಲ್ರಿ,” ಎಂದಳು ದಾಕ್ಷಾಯಿಣಿ. ಯಾವ ವೈದ್ಯರು ಏನು ಕೇಳಿದರೂ ಅವಳು ಕೊಡುತ್ತಿದ್ದ ಉತ್ತರ ಅದೊಂದೇ.

ಮನೆಗೆ ಹೋಗುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತರು. ಚಾಲಕನಿರಬೇಕಾದ ಕಡೆ ಬರಿಯ ಗಾಜು. ಪ್ರತಿ ಸಿಗ್ನಲ್ಲಿನಲ್ಲೂ ಫಕೀರಪ್ಪನ ಬಲಗಾಲು ನೆಲದ ತಗಡನ್ನು ಒತ್ತುತ್ತಿತ್ತು. ಅವನಿಗೇ ಗೊತ್ತಿಲ್ಲದೆ ಬ್ರೇಕ್ ಹಾಕುತ್ತಿದ್ದ.

“ಈ ಗಾಡಿ ನಿಮ್ಮ ಕಾಲ ಕೇಳೂದಿಲ್ರಿ,” ಎಂದಳು ದಾಕ್ಷಾಯಿಣಿ.

“ಕಾಲಿಗೆ ಅದನ್ನ ಯಾರ ಹೇಳಬೇಕ?”

ನವನಗರದ ಅವರ ಸಣ್ಣ ಮನೆಯಲ್ಲಿ ದಿನಗಳು ಹಗುರಾಗತೊಡಗಿದವು. ಒಂದು ಬೆಳಿಗ್ಗೆ ಡೈಪರ್ ಒಣಗಿತ್ತು. ಮರುದಿನವೂ ಒಣಗಿತ್ತು. ಫಕೀರಪ್ಪ ಅದನ್ನು ಮಡಿಚಿ, ಬಹುಮಾನ ತೋರಿಸುವ ಹಾಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತೋರಿಸಿದ. ದಾಕ್ಷಾಯಿಣಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಸಂಜೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡಿಪೋ ಎದುರಿನ ಚಹಾದಂಗಡಿಗೆ ಹೋಗಿ ಬಂದ.

ಆಮೇಲೆ ಒಂದೊಂದೇ ವಿಚಿತ್ರ ಕಾಣಿಸಿತು. ಮೊದಲು ನಗೆ ಬರಿಸುವಂಥವು. ದಾಕ್ಷಾಯಿಣಿ ರೊಟ್ಟಿಗೆ ಕುಳಿತರೆ ಫಕೀರಪ್ಪನಿಗೆ ಎಷ್ಟೇ ಅವಸರವಾದರೂ ಮೂತ್ರ ಇಳಿಯುತ್ತಿರಲಿಲ್ಲ.

“ನಿನ್ನ ಕಡೀ ರೊಟ್ಟಿ ಹಂಚಿನಿಂದ ಇಳಿಯೂ ಮಟ ನನಗ ಬರೂದ ಇಲ್ಲ ನೋಡ,” ಎಂದು ಅವನು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. “ಲಗೂ ಬಡಿಯ ಮಾರಾಯ್ತಿ.”

“ಅದಕ್ಕೂ ನನ್ನ ಬೈತೀರೇನ್ರಿ?” ಎಂದು ಅವಳು ನಗುತ್ತಿದ್ದಳು.

ಫಕೀರಪ್ಪ ಸಂಪೂರ್ಣ ಕಲಿತಿದ್ದಾನೆ ಎಂದು ಕೇಂದ್ರದವರು ಒಂದು ದಿನ ಫೋನ್ ಮಾಡಿ ತಿಳಿಸಿದರು. ಸಂಕೇತವನ್ನು ಅಲ್ಲಿಂದಲೇ ನಿಲ್ಲಿಸಿದರು. ಪಟ್ಟಿ ಬಿಚ್ಚಿ ಡಬ್ಬಿಯಲ್ಲಿಡಲು ಹೇಳಿದರು. ಪೊರೆ ಮಾತ್ರ ಇನ್ನೂ ಒಂದು ವಾರ ಒಳಗೆ ಸುಮ್ಮನೆ ಇರುತ್ತದೆ, ಆಮೇಲೆ ತೆಗೆಯುವುದು. ದಾಕ್ಷಾಯಿಣಿ ಪಟ್ಟಿಯನ್ನು ಒರೆಸಿ, ಡಬ್ಬಿಯಲ್ಲಿಟ್ಟು, ಟ್ರಂಕಿನ ತಳಕ್ಕೆ ಸೇರಿಸಿದಳು.

ಆ ವಾರದಲ್ಲೇ ಫಕೀರಪ್ಪನ ಅಕ್ಕ ಬಸಲಿಂಗವ್ವ ನೋಡಲು ಬಂದಳು. ಜೊತೆಗೆ ಓಣಿಯ ನಾಲ್ಕಾರು ಮಂದಿಯೂ ಸೇರಿದರು. ದವಾಖಾನೆ ಕಂಡು ಬಂದವರ ಮನೆಗೆ ಹೋಗಿ ಮಾತಾಡಿಸದಿದ್ದರೆ ಹೇಗೆ? ಮೋಸಂಬಿ ಬಂತು, ಬ್ರೆಡ್ಡು ಬಂತು. ಒಂದು ಸುತ್ತು ಚಹಾ, ಮಂಡಕ್ಕಿ, ಮತ್ತೊಂದು ಸುತ್ತು ಚಹಾ. ದಾಕ್ಷಾಯಿಣಿ ಒಲೆ ಬಿಟ್ಟು ಕದಲಲಿಲ್ಲ. ಮುಂಜಾನೆಯಿಂದ ಅವಳು ಒಂದಕ್ಕೂ ಹೋಗಿರಲಿಲ್ಲ, ಅದರ ನೆನಪೂ ಇರಲಿಲ್ಲ. ಬಾಗಿಲ ಸಂದಿಯಿಂದ ನೋಡಿದಾಗ ಫಕೀರಪ್ಪ ಮಂಚದ ಮೇಲೆ ಎರಡೂ ಮೊಣಕಾಲು ಜೋಡಿಸಿ, ಟವೆಲ್ಲಿನ ಅಂಚನ್ನು ಹಿಂಡುತ್ತ, ಬಂದವರಿಗೆಲ್ಲ ನಗುತ್ತ ಕುಳಿತಿದ್ದ. ಆ ನಗೆ ಅವಳಿಗೆ ಗುರುತಿನದು. ಕನ್ನಡಿಯಲ್ಲಿ ನೋಡಿಕೊಂಡದ್ದಲ್ಲ, ಒಳಗಿನಿಂದ ಗೊತ್ತಿದ್ದದ್ದು.

ಅವಳು ಹತ್ತಿರ ಬಂದು ಮೆಲ್ಲಗೆ, “ಹೋಗಿ ಬರ್ರಿ,” ಎಂದಳು.

“ಇಷ್ಟ ಮಂದಿ ಮುಂದ ಎದ್ದು ಹ್ಯಾಂಗ ಹೋಗ್ಲಿ? ಏನಂದಾರು?”

ಬಸ್ಸಿನ ಹಿಂದಿನ ಗಾಲಿಗೆ ಹಾಡುಹಗಲೇ ನೀರು ಬಿಡುತ್ತಿದ್ದವನ ಮಾತು ಇದು. ದಾಕ್ಷಾಯಿಣಿಗೆ ನಗು ಬರಲಿಲ್ಲ. ಪಟ್ಟಿ ಟ್ರಂಕಿನಲ್ಲಿತ್ತು.

ಬಸಲಿಂಗವ್ವನ ಮಾತು ಅಷ್ಟರಲ್ಲಿ ಹಳೆಯ ಕಾಲಕ್ಕೆ ಹೊರಳಿತ್ತು. “ನಮ್ಮ ದಾಕ್ಷಾಯಿಣಿ ಮದುಮಗಳಾಗಿ ಬಂದಾಗ ನೋಡಬೇಕಿತ್ರೆವಾ. ಗಂಡನ ಹೆಸರಿಟ್ಟು ಒಡಪ ಹೇಳದ ಒಳಗ ಬಿಡಂಗಿಲ್ಲ ಅಂತ ನಾ ಹೊಸ್ತಿಲಕ್ಕ ಅಡ್ಡ ನಿಂತೆ. ಈಕಿ ಏನ್ ಬೆವರೂದು, ಏನ್ ಕಾಲ ಮ್ಯಾಲ ಕಾಲ ಹಾಕೂದು! ಎಂಥಾ ನಾಚಿಕಿ ಅಂತೀನಿ. ಕಡೀಕೆ ಒಂದು ಹೇಳಿದ್ಲು ನೋಡ: ‘ಹುಬ್ಬಳ್ಳಿ ದಾರ್ಯಾಗ ಬೇವಿನ ನೆರಳ, ಫಕೀರಪ್ಪನವರ ಹೆಸರ ಹೇಳತೇನಿ, ಬಿಡ್ರಿ ನನ್ನ ಹೆರಳ!’ ಹಂಗಂದು ನನ್ನ ನೂಕಿ ಒಳಗ ಓಡಿದ್ಲು.”

ಎಲ್ಲರೂ ನಕ್ಕರು. ಫಕೀರಪ್ಪ ನಗಲಿಲ್ಲ.

“ಅಕ್ಕಾ, ಆವತ್ತ ಅಕಿನ್ನ ಲಗೂನ ಒಳಗ ಬಿಡಬೇಕಿತ್ತು,” ಎಂದ. ದನಿ ಸಣ್ಣದಾಗಿತ್ತು. “ಭಾಳ ತ್ರಾಸಾಗಿತ್ತು.”

“ಯಾರಿಗೋ?”

ಫಕೀರಪ್ಪ ತನ್ನ ಹೊಟ್ಟೆಯ ಕೆಳಗೆ ಕೈ ಇಟ್ಟುಕೊಂಡು ತಬ್ಬಿಬ್ಬಾದ. “ನನಗ… ಗೊತ್ತಿಲ್ಲ. ಯಾಕ ಹಂಗ ಅಂದೆ?”

ಊಟವಾದ ಮೇಲೆ ಎಲ್ಲರೂ ಹೊರಟುಹೋದರು. ಫಕೀರಪ್ಪ ಮಲಗಿದ. ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಅವನ ಮೇಲೆ ಎಳೆದಿತ್ತು. ದಾಕ್ಷಾಯಿಣಿ ಮೋಸಂಬಿ ಸುಲಿಯುತ್ತ ಪಕ್ಕದಲ್ಲಿ ಕುಳಿತಿದ್ದಳು. ನಿದ್ದೆಯಲ್ಲೇ ಅವನ ಕೈ ಎದ್ದು, ಎದುರಿಗಿಲ್ಲದ ಕಂಬಿಯೊಂದನ್ನು ಹಿಡಿದುಕೊಂಡಿತು. ಬೆರಳ ಗೆಣ್ಣುಗಳು ಬೆಳ್ಳಗಾದವು.

“ಸೀಟಿನ ರೇಗ್ಜಿನ್ ಹರದೇತಿ,” ಎಂದ ನಿದ್ದೆಯಲ್ಲಿ. “ಬಳಿ ಒಡೀತು. ಹಸರ ಬಳಿ. ಯಾರರ ನೋಡಿದ್ರ ಅಪಶಕುನ ಅಂತಾರ. ಚೂರು ಕಿಟಕಿ ಹೊರಗ…”

ದಾಕ್ಷಾಯಿಣಿಯ ಕೈಯಲ್ಲಿ ಮೋಸಂಬಿಯ ತೊಳೆ ಹಿಸುಕಿಹೋಯಿತು.

ಆ ಬಳೆಯ ವಿಷಯ ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ. ಮದುವೆಯಾಗಿ ವಿಜಯಪುರದಿಂದ ಗಂಡನ ಮನೆಗೆ ಹೊರಟ ದಿನ. ಹೊಸ ಹೆಂಡತಿಯನ್ನು ತಾನು ಓಡಿಸುವ ಬಸ್ಸಿನಲ್ಲೇ ಕರೆದೊಯ್ಯುವುದು ಫಕೀರಪ್ಪನ ಹೆಮ್ಮೆ. ಅವಳನ್ನು ನಾಲ್ಕನೆಯ ಸೀಟಿನ ಕಿಟಕಿಯ ಬಳಿ ಕೂಡಿಸಿ ಸ್ಟೇರಿಂಗ್ ಹಿಡಿದ. ಬಾಗಲಕೋಟೆ ದಾಟುವಾಗ ಒಂದಕ್ಕೆ ಅವಸರ ಶುರುವಾಗಿತ್ತು. ಕುಳಗೇರಿ ಕ್ರಾಸ್ ದಾಟಿದ ಮೇಲೆ ಒಂದು ಒಂಟಿ ಜಾಲಿಗಿಡದ ಹತ್ತಿರ ಯಾರೋ ಗಂಡಸರು ಕೂಗಿದರೆಂದು ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು ಸಾಲಾಗಿ ಬೆನ್ನು ತೋರಿಸಿ ನಿಂತರು, ಫಕೀರಪ್ಪನೂ. ಹೆಂಗಸರು ಯಾರೂ ಅಲುಗಾಡಲಿಲ್ಲ. ಎರಡೂ ಕಡೆ ಕಪ್ಪು ಎರೆಹೊಲ, ಕಣ್ಣು ಹಾಯುವವರೆಗೆ ಮರೆಯೆಂಬುದು ಒಂದು ಮೊಳ ಇಲ್ಲ. ಹೊಸ ಗಂಡನಿಗೆ, ಅದೂ ಅಷ್ಟು ಮಂದಿಯೆದುರು, ಏನೆಂದು ಹೇಳುವುದು? ಬಸ್ಸು ಹೊರಟಿತು. ನರಗುಂದ ಹೋಯಿತು. ನವಲಗುಂದದ ನಿಲ್ದಾಣದಲ್ಲಿ ಹೆಂಗಸರ ಪಾಯಖಾನೆಗೆ ಬೀಗ. ಅವಳು ಎದುರಿನ ಕಂಬಿ ಹಿಡಿದ ಬಿಗಿಗೆ ಮದುವೆಯ ಹಸಿರು ಬಳೆಯೊಂದು ಚಟ್ಟೆಂದು ಮುರಿಯಿತು. ಎದುರಿಗೆ ಗಂಡನ ಅಗಲವಾದ ಬೆನ್ನು. ಹುಬ್ಬಳ್ಳಿ ಬರುವವರೆಗೂ ಅವನು ಸಿಳ್ಳೆಯಲ್ಲಿ ಒಂದೇ ಧಾಟಿಯನ್ನು ತಿರುತಿರುಗಿ ನುಡಿಸುತ್ತಿದ್ದ.

ಫಕೀರಪ್ಪ ಎಚ್ಚೆತ್ತ. ಬೆವರಿದ್ದ.

“ಎಂಥಾ ಕನಸ ಮಾರಾಯ್ತಿ. ಬಸ್ ಹೊಂಟಿತ್ತು. ನಾ ಓಡಸಾಕತ್ತಿದ್ದಿಲ್ಲ, ಹಿಂದ ಕುಂತಿದ್ದೆ. ಒಂದಕ್ಕ ಅವಸರ ಆಗಿ ಜೀವಾ ಹೋಗಾಕತ್ತಿತ್ತು. ಡ್ರೈವರನ ಬೆನ್ನ ಕಾಣತಿತ್ತು, ಮುಖಾ ಕಾಣಲಿಲ್ಲ. ಸಿಳ್ಳಿ ಹೊಡ್ಕೋತ ಹೊಂಟಿದ್ದ, ಮಗಾ, ನಿಲ್ಲಸಲೇ ಇಲ್ಲ.”

“ನೀವು ಕೇಳಿದ್ರೇನ್ರಿ, ನಿಲ್ಲಸು ಅಂತ?”

“ಬಾಯಿ ತಗದೆ. ದನಿ ಹೊರಡಲಿಲ್ಲ.” ಅವನು ಅವಳ ಮುಖ ನೋಡಿದ. “ಯಾರ ಇರಬಹುದ ಅಂವ?”

ದಾಕ್ಷಾಯಿಣಿ ಎದ್ದು ಸಿಪ್ಪೆ ಒಯ್ದು ಬುಟ್ಟಿಗೆ ಹಾಕಿದಳು. “ಕನಸ್ರಿ ಅದು,” ಎಂದಳು.

ಪೊರೆ ತೆಗೆಯುವ ದಿನ ಬಸ್ಸಿನಲ್ಲಿ ಹೋಗುವಾಗ ಅವಳು ಅವನ ಕಾಲನ್ನೇ ನೋಡುತ್ತಿದ್ದಳು. ಸಿಗ್ನಲ್ಲುಗಳು ಬಂದವು, ಹೋದವು. ಬಲಗಾಲು ಒಮ್ಮೆಯೂ ತಗಡನ್ನು ಒತ್ತಲಿಲ್ಲ. ಮೊಣಕಾಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡೂ ಕೈ ಎದುರಿನ ಕಂಬಿಯ ಮೇಲಿದ್ದವು.

ಫಕೀರಪ್ಪನನ್ನು ಒಳಗೆ ಕರೆದೊಯ್ದ ಮೇಲೆ ಅವಳು ಡಾಕ್ಟರನ್ನು ಕೇಳಿದಳು. “ಆ ಪಟ್ಟಿಯೊಳಗ ನೆನಪ ಹಾಯತಾವೇನ್ರಿ?”

ಇಂದುಮತಿಗೆ ನಗು ಬಂತು. “ಇಲ್ರಿ ಕಾಕೂರ. ಅದಕ್ಕ ಗೊತ್ತಿರೂದು ಎರಡ ಮಾತು. ಬಿಗಿ, ಸಡಿಲು. ನೆನಪ ಹಾಯೂವಷ್ಟು ದೊಡ್ಡ ದಾರಿ ಅಲ್ಲದು.”

ನೆನಪಿಗೆ ಅದಕ್ಕಿಂತ ದೊಡ್ಡ ದಾರಿ ಏಕೆ ಬೇಕು ಎಂದು ದಾಕ್ಷಾಯಿಣಿ ಅಂದುಕೊಂಡಳು. ತನ್ನ ನೆನಪುಗಳನ್ನೆಲ್ಲ ರಾಶಿ ಹಾಕಿದರೆ ಬಿಗಿ ಎಂಬ ಒಂದೇ ಮಾತು ತಾನೇ ಉಳಿಯುವುದು?

ಪೊರೆ ಸುಲಭವಾಗಿ ಹೊರಬಂತು. ಇನ್ನು ಉಳಿದದ್ದು ಪರೀಕ್ಷೆ. ಅವನು ನೀರು ಕುಡಿದು, ತುಂಬಿದ ಮೇಲೆ ತಾನಾಗಿಯೇ ಮೂತ್ರ ಮಾಡಬೇಕು. ಮಾಡಿದರೆ ಮನೆಗೆ. ಮಾಡಲಾಗದಿದ್ದರೆ ಮತ್ತೆ ಅದೇ ದಾರಿಯಲ್ಲಿ ನಳಿಗೆ ತೂರಿಸುವಂತಿಲ್ಲ, ಒಳಗಿನ ಹಾದಿ ಆಗಲೇ ಹಲವು ಗಾಯ ಕಂಡಿದೆ. ಹೊಟ್ಟೆಗೆ ತೂತು ಕೊರೆದು ನಳಿಗೆ ಹಾಕಿ, ಜೀವ ಇರುವವರೆಗೆ ಚೀಲ ಕಟ್ಟಿಕೊಂಡಿರುವುದೇ ಗತಿ. ಫಕೀರಪ್ಪನಿಗೂ ಇದನ್ನು ಹೇಳಿದ್ದರು. ಅವನು ತಲೆ ಆಡಿಸಿ, ಹೆಂಡತಿಯ ಕೈಯನ್ನು ಒಮ್ಮೆ ಮುಟ್ಟಿ ಒಳಗೆ ಹೋಗಿದ್ದ.

“ಸೋರತೈತಿ ಅಂತ ಹೆದರಿಕಿ ಇತ್ರಿ ನಮಗ,” ಇಂದುಮತಿ ಹೊರಗೆ ಬಂದು ಹೇಳಿದಳು. ಮುಖದಲ್ಲಿ ಮೊದಲಿನ ನಗು ಇರಲಿಲ್ಲ. “ಈಗ ನೋಡಿದ್ರ ಬಿಡವಲ್ಲದು. ತುಂಬಿ ಬಿರಿಯೂ ಹಂಗ ಆಗೇತಿ, ಸ್ನಾಯು ಕಲ್ಲ ಆಗೇತಿ. ಹೀಂಗ ಬಿಟ್ರ ಕಿಡ್ನಿಗೆ ಹೊಡೆತ ಬೀಳತೈತಿ. ನೀವು ಒಂದ ಸ್ವಲ್ಪ ಬರ್ರಿ. ಹೋಲಿಸಿ ನೋಡಾಕ ನಿಮಗೂ ಪಟ್ಟಿ ಕಟ್ಟತೇನಿ. ಓದಾಕ ಮಾತ್ರ, ಏನೂ ಕಳಸೂದಿಲ್ಲ.”

ಯಂತ್ರಗಳ ಕೋಣೆ ತಣ್ಣಗಿತ್ತು. ಪರದೆಯ ಮೇಲೆ ಹಳದಿ ಗೆರೆ ಮೇಲಕ್ಕೇರಿ ಅಲ್ಲಿಯೇ ಸೆಟೆದು ನಿಂತಿತ್ತು. ದಾಕ್ಷಾಯಿಣಿಯ ಹಸಿರು ಗೆರೆ ಮೂಡಿತು. ಮೂಡಿದ್ದು ಬೇರೆಯಾಗಿ ಕಾಣಿಸಲಿಲ್ಲ. ಅದು ಹಳದಿಯ ಮೇಲೆ ಹೊಲಿದಂತೆ ಕೂತಿತ್ತು. ಒಂದು ಸಣ್ಣ ನಡುಕ ಹಸಿರಿನಲ್ಲಿ ಬಂದರೆ ಅದೇ ನಡುಕ ಹಳದಿಯಲ್ಲಿ.

ಇಂದುಮತಿ ಮೇಜಿನ ಕೆಳಗೆ ಬಗ್ಗಿ ತಂತಿಗಳನ್ನು ನೋಡಿದಳು. ಸಂಕೇತ ಕಳಿಸುವ ಪೆಟ್ಟಿಗೆಯ ಬ್ಯಾಟರಿಯನ್ನೇ ಕಿತ್ತು ಕೈಯಲ್ಲಿ ಹಿಡಿದಳು. ಗೆರೆಗಳು ಒಂದರ ಮೇಲೊಂದು ಹಾಗೆಯೇ ಇದ್ದವು.

“ಅವರೊಳಗ ಈಗ ಏನೂ ಇಲ್ಲ,” ಎಂದಳು, ತನಗೆ ತಾನೇ ಹೇಳಿಕೊಳ್ಳುವವಳಂತೆ. ಆಮೇಲೆ ದಾಕ್ಷಾಯಿಣಿಯತ್ತ ತಿರುಗಿದಳು. “ಕಾಕೂರ, ನಿಮಗ ಅವಸರ ಆಗಿಲ್ಲೇನ್ರಿ?”

“ನನಗೇನೂ ಇಲ್ರಿ.”

“ನಿಮ್ಮದು ಅವರಕಿಂತ ಹೆಚ್ಚ ತುಂಬೇತ್ರಿ. ಯಾವಾಗ ಹೋಗಿದ್ರಿ?”

ದಾಕ್ಷಾಯಿಣಿ ಲೆಕ್ಕ ಹಾಕಿದಳು. ಬೆಳಕು ಹರಿಯುವ ಮೊದಲು ಎದ್ದದ್ದು ನೆನಪಿತ್ತು. ಆಮೇಲೆ ಡಬ್ಬಿಗೆ ಅವಲಕ್ಕಿ, ಅವನ ಅಂಗಿಯ ಇಸ್ತ್ರಿ, ಬಸ್ಸು, ಒಳಗಿನಿಂದ ಕರೆದರೆ ಸಿಗಬೇಕೆಂದು ಬೆಂಚಿನಿಂದ ಅಲುಗಾಡದೆ ಕುಳಿತದ್ದು. ಇಷ್ಟು ವರ್ಷ ಸೀರೆಯ ನೆರಿಗೆಯೊಳಗೆ ಮುಚ್ಚಿಟ್ಟದ್ದು ಪರದೆಯ ಮೇಲೆ ಹಸಿರಾಗಿ ಉರಿಯುತ್ತಿತ್ತು.

“ಹೋಗಿ ಬರ್ರಿ,” ಇಂದುಮತಿ ಅವಳ ಭುಜ ಹಿಡಿದಳು. “ನನಗ ಏನೂ ತಿಳೀವಲ್ದು. ಆದ್ರೂ ಒಂದ ಸಲ ಹೋಗಿ ಬರ್ರಿ.”

ಪರೀಕ್ಷೆಯ ಕೋಣೆಗೆ ಅಂಟಿಕೊಂಡೇ ಹೆಂಗಸರ ಪಾಯಖಾನೆ ಇತ್ತು. ಶುಚಿಯಾಗಿತ್ತು, ಬಾಗಿಲಿತ್ತು, ಚಿಲಕವಿತ್ತು. ದಾಕ್ಷಾಯಿಣಿ ಕುಳಿತಳು. ಬರಲಿಲ್ಲ. ನಲ್ಲಿ ಬಿಟ್ಟು ನೋಡಿದಳು. ದೇವರ ಹೆಸರು ಹೇಳಿದಳು. ಹೊಟ್ಟೆ ಬಂಡೆಯಾಗಿತ್ತು. ಕಣ್ಣು ಮುಚ್ಚಿದರೆ ಎರೆಹೊಲ, ಒಂಟಿ ಜಾಲಿಗಿಡ, ಸಾಲಾಗಿ ನಿಂತ ಬೆನ್ನುಗಳು. ಬಸ್ಸು ಇನ್ನೂ ಓಡುತ್ತಿತ್ತು. ಓಡುವ ಬಸ್ಸಿನಲ್ಲಿ ಹೆಂಗಸು ಹೇಗೆ ಬಿಟ್ಟಾಳು?

ಅವಳು ಎದ್ದು ಸೀರೆ ಸರಿಪಡಿಸಿಕೊಂಡು ನೇರವಾಗಿ ಗಂಡನ ಕೋಣೆಗೆ ಹೋದಳು. ಇಂದುಮತಿ ಬಾಗಿಲಲ್ಲೇ ನಿಂತಳು. ಒಳಗೆ ಒಂದು ಟ್ರೇಯಲ್ಲಿ, ಹೊಟ್ಟೆ ಕೊರೆಯುವುದಕ್ಕೆ ಬೇಕಾದದ್ದನ್ನೆಲ್ಲ ಜೋಡಿಸಿ ಹಸಿರು ಬಟ್ಟೆ ಮುಚ್ಚಿದ್ದರು. ಫಕೀರಪ್ಪ ಕಮೋಡಿನ ಮೇಲೆ ಕುಳಿತು ಗೋಡೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮುಖ ಬೂದಿಯಂತಾಗಿತ್ತು.

“ಬರವಲ್ದು ದಾಕ್ಷಾಯಿಣಿ. ಮಂದಿ ನೋಡಾಕತ್ತಾರ.”

“ಯಾವ ಮಂದಿ?”

“ಬಸ್ಸಿನ ಮಂದಿ.”

ಅವಳು ಅವನ ಹಿಂದೆ ಹೋಗಿ ನಿಂತಳು. ಆ ಅಗಲವಾದ ಬೆನ್ನು ಈಗ ಮುದುಡಿತ್ತು, ಆದರೆ ಅದೇ ಬೆನ್ನು. ಹೇಳಬೇಕಾದ ಮಾತು ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ಅಲ್ಲಿಟ್ಟು ಎಷ್ಟು ಕಾಲವಾಯಿತೆಂದರೆ ತುಕ್ಕು ಹಿಡಿದ ಕೀಲಿಯಂತೆ ಕಿರುಗುಟ್ಟಿತು.

“ರೀ. ಗಾಡಿ ನಿಲ್ಲಸ್ರಿ.”

“ಏನಂದಿ?”

“ಗಾಡಿ ನಿಲ್ಲಸ್ರಿ. ನಾ ಇಳೀಬೇಕು. ಒಂದಕ್ಕ ಹೋಗಬೇಕು. ಕುಳಗೇರಿ ಕ್ರಾಸ್ ದಾಟಿದಾಗಿಂದ ಹೇಳಬೇಕಂತ ಕುಂತೇನಿ.”

ಫಕೀರಪ್ಪ ತಿರುಗಿ ನೋಡಲಿಲ್ಲ. ತಲೆ ಎತ್ತಿ, ಎದುರಿನ ಬರಿಯ ಗೋಡೆಯ ಮೇಲ್ಭಾಗವನ್ನು, ಬಸ್ಸಿನಲ್ಲಿ ಕನ್ನಡಿ ಇರುವ ಜಾಗವನ್ನು ನೋಡಿದ. ಅಲ್ಲಿ ಏನನ್ನೋ ಕಂಡ.

“ನೀನಾ?” ಎಂದ. “ನಾಲ್ಕನೇ ಸೀಟಿನ್ಯಾಗ ಇದ್ದಾಕಿ ನೀನಾ?”

“ನಾನ.”

“ಅಂದ್ರ ಸಿಳ್ಳಿ ಹೊಡ್ಯಾಕತ್ತಿದ್ದಂವ…” ಒಂದು ಕೈಯಿಂದ ಮುಖ ಒರೆಸಿಕೊಂಡ. “ಹೇಳಬಾರದಿತ್ತೇನ ಹುಚ್ಚೀ,” ಎಂದ.

“ಕನ್ನಡ್ಯಾಗ ನೋಡಬಾರದಿತ್ತೇನ್ರಿ?”

ಅವನ ಬಲಗಾಲು ಅಲುಗಿತು. ಹಿಮ್ಮಡಿ ಊರಿ, ಅಂಗಾಲು ಮೆಲ್ಲನೆ ಕೆಳಗಿಳಿದು ಟೈಲ್ಸನ್ನು ಒತ್ತಿತು. ತುಂಬಿದ ಗಾಡಿಯನ್ನು ಒಳಗಿನ ಮಂದಿ ಜೋಲಿ ಹೊಡೆಯದಂತೆ ನಿಲ್ಲಿಸುವ ನುರಿತ ಕಾಲು. ದಾಕ್ಷಾಯಿಣಿಯ ಮೈ ಮುಂದಕ್ಕೆ ಒಂದಿಷ್ಟು ವಾಲಿ ಹಿಂದಕ್ಕೆ ಬಂತು. ಇಂದುಮತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಾನು ಯಾಕೆ ವಾಲಿದೆ ಎಂದು ಅವಳಿಗೆ ತಿಳಿಯಲಿಲ್ಲ.

“ನಿಂತೈತಿ,” ಎಂದ ಫಕೀರಪ್ಪ. “ಮರೆ ಇಲ್ಲ ಇಲ್ಲಿ, ಬರೇ ಎರಿಹೊಲ. ಮಂದೀನ್ನ ಆ ಕಡೆ ಮುಖಾ ಮಾಡಸತೇನಿ. ಇಳಿ ನೀ. ಸಾವಕಾಶ ಇಳಿ.”

ದಾಕ್ಷಾಯಿಣಿ ಪಕ್ಕದ ಪಾಯಖಾನೆಗೆ ಹೋಗಿ ಚಿಲಕ ಹಾಕಿಕೊಂಡಳು. ಕೂರುವಷ್ಟರಲ್ಲಿ ಅಂಗಾಲಿನಿಂದ ಏನೋ ಬಿಚ್ಚಿಕೊಂಡು ಮೇಲೇರಿ ಬಂತು. ಬಂತು, ಬರುತ್ತಲೇ ಇತ್ತು. ಇಂದಿನದು ಮಾತ್ರವಲ್ಲ, ಆ ದಾರಿಯದು, ಹೊಸ್ತಿಲಿನದು, ಬಾಗಿಲಿಲ್ಲದ ಶಾಲೆಯದು, ಎಲ್ಲವೂ ಒಟ್ಟಿಗೇ ಇಳಿಯುತ್ತಿದೆ ಅನ್ನಿಸಿತು. ಅದೇ ಗಳಿಗೆಗೆ ಗೋಡೆಯಾಚೆ ನೀರಿನ ಸದ್ದು ಕೇಳಿಸಿತು.

“ಬಂತ್ರಿ! ಕಾಕೂರ, ಬಂತು!” ಇಂದುಮತಿ ಆ ಕಡೆಯಿಂದ ಕೂಗಿದಳು. “ಹೊಟ್ಟಿ ಕೊರಿಯೂದು ಬೇಕಾಗಿಲ್ಲ. ಗೆದ್ರಿ!”

ದಾಕ್ಷಾಯಿಣಿಯ ಕಣ್ಣಲ್ಲೂ ನೀರು ಬಂತು. ನಾಳೆ ಅವನು ಇಸ್ತ್ರಿ ಅಂಗಿ ತೊಟ್ಟು ಚಹಾದಂಗಡಿಗೆ ಹೋಗುತ್ತಾನೆ. ಚೀಲವಿಲ್ಲ, ತೂತಿಲ್ಲ.

ಆಮೇಲೆ, ಬೇಕೆಂದು ಮಾಡಿದಳೋ ತಾನಾಗಿಯೇ ಆಯಿತೋ ಅವಳಿಗೇ ತಿಳಿಯದು, ಅವಳು ಬಿಗಿ ಹಿಡಿದಳು.

ಗೋಡೆಯಾಚೆಯ ಸದ್ದು ನಿಂತಿತು.

ಒಂದಿಷ್ಟು ಸಡಿಲಿಸಿದಳು. ಸದ್ದು ಶುರುವಾಯಿತು. ಹಿಡಿದಳು. ನಿಂತಿತು. ಅವನೊಳಗೆ ಪೊರೆ ಇರಲಿಲ್ಲ. ಕಳಿಸುವ ಪೆಟ್ಟಿಗೆಯ ಬ್ಯಾಟರಿ ಡಾಕ್ಟರ ಮೇಜಿನ ಮೇಲೆ ಬಿದ್ದಿತ್ತು. ನಡುವೆ ಇದ್ದದ್ದು ಒಂದು ಇಟ್ಟಿಗೆಯ ಗೋಡೆ.

“ದಾಕ್ಷಾಯಿಣೀ…” ಫಕೀರಪ್ಪನ ದನಿ ಬಂತು. ಮೆಲ್ಲನೆಯ ದನಿ. ಚಾಲಕನ ಬೆನ್ನಿಗೆ ಹಿಂದಿನ ಸೀಟಿನಿಂದ ಹೆದರಿ ಹೆದರಿ ಆಡಿದಂಥ ದನಿ. “ಇನ್ನೂ ಐತಿ… ಮುಗಿದಿಲ್ಲ…”

ಅವಳು ಎದುರಿನ ಮುಚ್ಚಿದ ಬಾಗಿಲನ್ನು ನೋಡಿದಳು. ಬಿಳಿಯ ಬಾಗಿಲು ಬಸ್ಸಿನ ಎದುರುಗಾಜಿನಷ್ಟು ಅಗಲವಾಗಿ ಕಂಡಿತು. ಅದರಾಚೆ ದಾರಿ ನೆಟ್ಟಗೆ ಬಿದ್ದಿತ್ತು. ಎರಡೂ ಕಡೆ ಕಪ್ಪು ಹೊಲ. ಬಿಡುವುದು ಅವಳ ಕೈಯಲ್ಲಿತ್ತು, ಬಿಡುತ್ತಾಳೆ, ಬಿಡದೆ ಏನು. ಆತುರವೇನಿರಲಿಲ್ಲ.

ದಾಕ್ಷಾಯಿಣಿಗೆ ಜನ್ಮದಲ್ಲಿ ಸಿಳ್ಳೆ ಹಾಕಲು ಬಂದಿರಲಿಲ್ಲ. ಹೆಣ್ಣುಮಕ್ಕಳು ಮನೆಯಲ್ಲಿ ಸಿಳ್ಳೆ ಹಾಕಬಾರದೆಂಬ ಕಾರಣಕ್ಕೆ ಯಾರೂ ಕಲಿಸಿರಲೂ ಇಲ್ಲ. ಈಗ ಅವಳ ತುಟಿಗಳು ತಾವಾಗಿಯೇ ದುಂಡಗಾದವು. ವಿಜಯಪುರದಿಂದ ಹುಬ್ಬಳ್ಳಿಯವರೆಗೆ ಆ ದಿನ ಕೇಳಿದ ಅದೇ ಧಾಟಿ, ಒಂದು ಸ್ವರವೂ ತಪ್ಪದೆ, ಅವಳ ಬಾಯಿಂದ ಹೊರಟಿತು.